ಏಳನೇ ಕೊಳವೆ

೧೪ ಅಕ್ಟೋಬರ್, ಮಂಗಳವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದ. ನಾಲ್ಕು ವರ್ಷ ಬಿಟ್ಟು ಬರೆಯುತ್ತಿದ್ದೇನೆ. ಬೈಯುವುದಾದರೆ ಪೂರ್ತಿ ಓದಿದ ಮೇಲೆ ಬೈ. ಮಕ್ಕಳು ಹೇಗಿದ್ದಾರೆ?

ನನಗೊಂದು ಕೆಲಸ ಸಿಕ್ಕಿದೆ, ನಗಬೇಡ: ಜೌಗು ನೆಲ ಕಾಯುವುದು. ಹೌದು, ಆವತ್ತು ಬೆಂಕಿ ಬಿದ್ದ ನಮ್ಮ ಜೌಗೇ. ಅದರ ನೀರು ಬಸಿದು, ನೆಲ ಒಣಗಿಸಿ ಬೆಂಕಿಗೆ ದಾರಿ ಮಾಡಿದ ಕಾಲುವೆಗಳಿಗೆ ಈಗ ಅಡ್ಡಕಟ್ಟೆ ಹಾಕಿ, ನೆಲದೊಳಗೆ ಹನ್ನೆರಡು ಕೊಳವೆ ಇಳಿಸಿದ್ದಾರೆ. ಒಂದೊಂದರಲ್ಲೂ ಒಂದು ಸೆನ್ಸರ್. ನೀರು ಎಷ್ಟು ಆಳದಲ್ಲಿದೆ ಅಂತ ಗಂಟೆಗೊಮ್ಮೆ ಆಫೀಸಿಗೆ ವರದಿ ಕಳಿಸುತ್ತದೆ. ಪ್ರತಿ ಸೋಮವಾರ ಅವುಗಳ ಪಾಚಿ ಒರೆಸುವವಳು ನಾನು.

ಮೊದಮೊದಲು ಸೋಮವಾರ ಬಂತೆಂದರೆ ನೀರು ಏರುತ್ತಿತ್ತು. ನಾನಂತೂ ಊರೆಲ್ಲ ಹೇಳಿಕೊಂಡು ಬಂದೆ. ಒಂದು ದಿನ ಇಂಜಿನಿಯರ್ ಹುಡುಗಿ ಗ್ರಾಫ್ ನೋಡುತ್ತ ಕೇಳಿದಳು, “ಆಂಟಿ, ಸೋಮವಾರ ಹತ್ತು ಗಂಟೆಗೆ ಮಾತ್ರ ಯಾಕೆ ನೀರು ಏರುತ್ತೆ? ನೀವು ಕೊಳವೆ ಪಕ್ಕದಲ್ಲೇ ನಿಂತ್ಕೋತೀರಾ?”

“ಮತ್ತಿನ್ನೇನು, ಹಾರ್ಕೊಂಡು ಒರೆಸ್ಲಾ?” ಅಂದೆ.

ನನ್ನ ಭಾರಕ್ಕೆ ನೆಲ ತಗ್ಗಿ ನೀರು ಮೇಲೆ ಬರುತ್ತಿತ್ತಂತೆ! ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಈಗ ಗೂಟಗಳ ಮೇಲೆ ಹಲಗೆ ಹಾಕಿಸಿದ್ದಾರೆ, ಅದರ ಮೇಲೆ ನಿಂತೇ ಒರೆಸುತ್ತೇನೆ.

ಆದರೆ ಹೋದ ವಾರ ಮಳೆಯಾದ ಮೇಲೆ ನಾನು ಹೋಗದೆಯೇ ನೀರು ಏರಿತು ಕಣೋ. ನೀರಷ್ಟೇ ಅಲ್ಲ, ಕಣ್ಣು ಹಾಯುವಷ್ಟು ದೂರ ನೆಲವೇ ಬೆರಳಗಲ ಮೇಲೆದ್ದಿದೆ. “ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಇಳಿಯುತ್ತೆ. ಉಸಿರಾಡೋ ಹಾಗೆ ಆಂಟಿ,” ಅಂದಳು ಹುಡುಗಿ. ಹುಟ್ಟಿದಾಗಿನಿಂದ ತುಳಿದಾಡಿದ ನೆಲಕ್ಕೆ ಜೀವ ಇದೆ ಅಂತ ಐವತ್ತೆಂಟನೇ ವಯಸ್ಸಿಗೆ ತಿಳಿಯಿತು ನನಗೆ. ಹಲಗೆಯ ಮೇಲೆ ಚಪ್ಪಲಿ ಬಿಚ್ಚಿ ಸುಮ್ಮನೆ ನಿಂತುಬಿಟ್ಟೆ. ನಾನು, ಸುಮ್ಮನೆ! ನೀನು ನಂಬುವುದಿಲ್ಲ.

ಏಳನೇ ಕೊಳವೆಯಲ್ಲಿ ಮಾತ್ರ ನೀರು ನಿಲ್ಲುತ್ತಿಲ್ಲ. ಹುಲ್ಲು ಮುಚ್ಚಿದ ಹಳೆಯ ಕಾಲುವೆ ಎಲ್ಲೋ ನೀರು ಎಳೆದುಕೊಳ್ಳುತ್ತಿದೆ, ಅದು ನಕ್ಷೆಯಲ್ಲಿಲ್ಲ. ಅಲ್ಲಿ ಅಗೆಯುವ ಯಂತ್ರ ಓಡಿಸಿದವನು ನೀನು, ಜಾಗ ನಿನಗೊಬ್ಬನಿಗೇ ಗೊತ್ತು. ಬೇಸಿಗೆಯೊಳಗೆ ಅದನ್ನು ಕಟ್ಟದಿದ್ದರೆ ಆ ಭಾಗ ಮತ್ತೆ ಹೊತ್ತಿಕೊಳ್ಳುತ್ತದೆ. ಒಮ್ಮೆ ಬಂದು ತೋರಿಸಿ ಹೋಗು. ಊಟಕ್ಕೆ ನಿಲ್ಲದಿದ್ದರೂ ಪರವಾಗಿಲ್ಲ.

ಹೆಂಡತಿ ಮಕ್ಕಳೊಂದಿಗೆ ನೂರು ಕಾಲ ಚೆನ್ನಾಗಿರು.

ನಿನ್ನ ಅಕ್ಕ

ತಾ.ಕ.: ಆ ಬೆಂಕಿಯ ಹೊಗೆ ಎದೆಗೆ ತುಂಬಿಕೊಂಡು ಅಮ್ಮ ಹೋದ ದಿನ, ಆಸ್ಪತ್ರೆ ಬಾಗಿಲಲ್ಲಿ, “ನೀನು ತೋಡಿದ ಕಾಲುವೇನೇ ಅಮ್ಮನ್ನ ಕೊಂದಿದ್ದು,” ಅಂದೆನಲ್ಲ. ಕಂಟ್ರಾಕ್ಟರನ ಕೈಕಾಲು ಹಿಡಿದು ನಿನಗೆ ಆ ಕೆಲಸ ಕೊಡಿಸಿದವಳು ನಾನೇ. ಅವತ್ತೂ ನೀನು ಅದನ್ನು ಎತ್ತಿ ಆಡಲಿಲ್ಲ.