ಸ್ಪಾನರ್ ನನ್ನ ಚೀಲದಲ್ಲಿದೆ

ದೊರೆಗಳೇ,

ನೀವಿನ್ನೂ ಗೊರಕೆ ಹೊಡೀತಿದ್ದೀರಿ, ನಾನು ಹೊಲಿಗೆ ಅಂಗಡಿಗೆ ಹೊರಟೆ. ಗಿರಾಕಿಗೆ ಕೋಟು ಕೊಟ್ಟು ಬೇಗ ಬಂದುಬಿಡ್ತೀನಿ. ತಿಂಡಿ ಮಂಚದ ಪಕ್ಕ ಸ್ಟೂಲ್ ಮೇಲಿದೆ, ತಣ್ಣಗಾದರೆ ನನ್ನ ಬೈಕೋಬೇಡ. ಒಬ್ಬನೇ ಬಚ್ಚಲಿಗೆ ಹೋಗೋ ಶೌರ್ಯ ಬೇಡ, ಪಕ್ಕದ ಮನೆ ಅಂಕಲ್‌ನ ಕೂಗು.

ಸ್ಪಾನರ್ ಹುಡುಕಬೇಡ. ಬೇಗ ಎತ್ತರ ಆಗಬೇಕು ಅಂತ ಕಾಲು ಉದ್ದ ಮಾಡೋಕೆ ಆಪರೇಷನ್ ಮಾಡಿ ಹಾಕಿರೋ ಕಂಬಿಯ ತಿರುಪನ್ನ ಡಾಕ್ಟರು ಹೇಳಿದ್ದಕ್ಕಿಂತ ಜಾಸ್ತಿ ತಿರುಗಿಸ್ತಿದ್ದೀಯ, ನನಗೆ ಗೊತ್ತು. “ಕಾಲು ಚೆನ್ನಾಗಿದೆ ಅಕ್ಕ” ಅಂತ ಬೇರೆ ಹೇಳ್ತೀಯ. ನಿನ್ನೆ ಸಂಜೆ ನೀನು ಫೋನಲ್ಲಿ ಹರಟೆ ಹೊಡೀತಿದ್ದಾಗ ನಿನ್ನ ಎಡಗಾಲಿನ ಬೆರಳ ಮೇಲೆ ಐಸ್ ಇಟ್ಟೆ ಕಣೋ. ಹಿಡಿದು ಹಿಡಿದು ನನ್ನ ಕೈ ಮರಗಟ್ಟಿತು. ನೀನು ನಗ್ತಾ ಮಾತಾಡ್ತಾನೇ ಇದ್ದೆ.

ರಾತ್ರಿಯೇ ಡಾಕ್ಟರಿಗೆ ಫೋನ್ ಮಾಡಿದೆ. ಇವತ್ತು ಬೆಳಿಗ್ಗೆಯೇ ಕರ್ಕೊಂಡು ಬನ್ನಿ ಅಂದ್ರು. ಬೈಯಲ್ಲ, ಗಡ್ಡ ಬೋಳಿಸ್ಕೊಂಡು ರೆಡಿಯಾಗಿರು. ಅವರ ಹತ್ತಿರವಾದರೂ ನಿಜ ಹೇಳು.

ನಿನ್ನ ಹೊಸ ಪ್ಯಾಂಟಿನ ತುದಿಯಲ್ಲಿ ಬೇಕಾದಷ್ಟು ಬಟ್ಟೆ ಒಳಗೆ ಮಡಚಿಟ್ಟಿದ್ದೀನಿ. ನಿನ್ನ ಎತ್ತರ ಎಲ್ಲಿಗೆ ನಿಂತರೂ ಸರಿಹೋಗುತ್ತೆ. ಪ್ಯಾಂಟಾದರೆ ಬಿಚ್ಚಿ ಮತ್ತೆ ಹೊಲೀತೀನಿ. ಕಾಲು ಹೊಲಿಯೋಕೆ ನನಗೆ ಬರಲ್ಲ ಕಣೋ.

— ಅಕ್ಕ