ಫ್ಲ್ಯಾಶ್ ಬೇಡದ ಲೆನ್ಸು

ವಿದ್ಯಾನಗರ, ಹುಬ್ಬಳ್ಳಿ
೧೭ ನವೆಂಬರ್ ೧೯೯೮

ಅವ್ವಾ, ನಾನು ಗೆದ್ದೆ, ಲೆನ್ಸು ಬಂತು, ಅದೂ ನಾನು ಆರಿಸಿದ್ದೇ ಬಂತು.

ನಮಸ್ಕಾರಕ್ಕಿಂತ ಮೊದಲೇ ಸುದ್ದಿ ಹೇಳಿಬಿಟ್ಟೆ, ಕ್ಷಮಿಸು. ದೀಪಾವಳಿ ಮುಗಿಸಿ ಬಂದವಳು ಒಂದು ಪತ್ರವನ್ನೂ ಹಾಕಲಿಲ್ಲವೆಂದು ಮುನಿಸಿಕೊಂಡಿರುತ್ತೀ. ನಾವೆಲ್ಲ ಆರಾಮಾಗಿದ್ದೇವೆ. ಇವರು ನನ್ನನ್ನು ಎಷ್ಟು ಪ್ರೀತಿಯಿಂದ ನೋಡಿಕೊಳ್ಳುತ್ತಾರೆಂದರೆ ತಮ್ಮ ಕ್ಯಾಮೆರಾವನ್ನೇ ನನ್ನ ಕೈಗೆ ಕೊಟ್ಟಿದ್ದಾರೆ. ಮೊದಲು ಅದನ್ನು ಇವರ ತಂಗಿ ಕೂಡ ಮುಟ್ಟುವಂತಿರಲಿಲ್ಲವಂತೆ. ಇದನ್ನು ಬರೆಯುವಾಗಲೂ ನನಗೆ ನಗು ತಡೆಯಲಾಗುತ್ತಿಲ್ಲ.

ಲೆನ್ಸು ಯಾಕೆ ಅಂದರೆ, ನಿನಗಾಗಿ. ನಿನ್ನದು ಎಂದು ನನ್ನ ಹತ್ತಿರ ಒಂದು ಒಳ್ಳೆಯ ಫೋಟೋ ಇಲ್ಲ. ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಂಡು ಒಳಗೆ ಹೋಗುತ್ತೀ. ಫ್ಲ್ಯಾಶ್ ಹೊಡೆದರೆ ಕಣ್ಣು ಮುಚ್ಚುತ್ತೀ. ದೀಪಾವಳಿಗೆ ಇವರು ತೆಗೆದ ಚಿತ್ರಗಳೆಲ್ಲ ತೊಳೆದು ಬಂದವು. ಒಂದರಲ್ಲಿ ನಿನ್ನ ಮುಚ್ಚಿದ ಕಣ್ಣು, ಉಳಿದವುಗಳಲ್ಲಿ ಬೆನ್ನು. ಬಿಸಿಲಿಗೆ ಬಾ ಎಂದರೆ "ಎಮ್ಮಿ ಹಿಂಡೋದೈತಿ, ನಡೀ" ಎಂದೆಯಲ್ಲ, ನೆನಪಿದೆಯೇ? ಆಗಲೇ ನಿಶ್ಚಯ ಮಾಡಿದೆ. ನಮ್ಮ ಅಡುಗೆಮನೆಯ ಬೆಳಕಿನಲ್ಲೇ, ಫ್ಲ್ಯಾಶ್ ಇಲ್ಲದೆ, ನೀನು ಎದ್ದು ಹೋಗುವ ಮೊದಲೇ ನಿನ್ನನ್ನು ಹಿಡಿಯುವ ಲೆನ್ಸು ನನಗೆ ಬೇಕು.

ಇವರ ಆಸೆ ಮಾತ್ರ ಮೊಳದುದ್ದದ ಜೂಮಿನ ಮೇಲೆ. "ದೂರ ಇದ್ದವರನ್ನ ಹತ್ತರ ತರತೈತಿ" ಎಂದು ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. ನಾನೂ ಬಿಡಲಿಲ್ಲ. "ನಮ್ಮವ್ವ ದೂರ ಇಲ್ಲರಿ, ಕತ್ತಲ್ಯಾಗ ಅದಾಳ" ಎಂದೆ.

ಅಬ್ದುಲಮಜೀದ ಕಾಕಾ ಎಂಬವರ ಕ್ಯಾಮೆರಾ ಅಂಗಡಿ ಇದೆ, ಕೊಪ್ಪಿಕರ ರಸ್ತೆಯಲ್ಲಿ. ಅಲ್ಲಿಗೆ ಹೋದೆವು. ಅವರು ತೋರಿಸಿದ್ದು ಮೇಲಿನ ಬಳೆಯನ್ನು ಕೈಯಿಂದ ತಿರುಗಿಸಿ ಫೋಕಸ್ ಹೊಂದಿಸುವ ಹಳೆಯ ಲೆನ್ಸು. ಬೆಳಕೇನೋ ಧಾರಾಳ. ಆದರೆ ನಾನು ತಿರುಗಿಸಿ ಅವರ ಮುಖ ಸ್ಪಷ್ಟ ಮಾಡಿಕೊಳ್ಳುವಷ್ಟರಲ್ಲಿ ಅವರು ಇನ್ನೊಂದು ಕಪಾಟಿನ ಮುಂದೆ.

"ನೀವು ಒಂದ ಕಡೆ ನಿಂದರೂದ ಇಲ್ಲಲ್ಲ ಕಾಕಾ."

"ನಾ ನಿಂತರ ಗಿರಾಕಿ ನಡದ ಬಿಡ್ತಾರವಾ."

ನೀನೂ ಹಾಗೆಯೇ ಅಲ್ಲವೇ? ಅದಕ್ಕೇ, ತಾನಾಗಿಯೇ ಫೋಕಸ್ ಮಾಡಿಕೊಳ್ಳುವ ಲೆನ್ಸೇ ಬೇಕು ಎಂದು ಹಟ ಹಿಡಿದೆ. ಕಾನ್ವೆಂಟಿನಲ್ಲಿ ಕಲಿತ ನನ್ನ ಕನ್ನಡದಲ್ಲಿ ಹೇಳುತ್ತೇನೆ, ನಗಬೇಡ: ಲೆನ್ಸಿನ ಮೇಲಿನ ಅಂಕಿ ಸಣ್ಣದಾದಷ್ಟೂ ಒಳಗಿನ ಕಿಂಡಿ ದೊಡ್ಡದು, ಬೆಳಕು ಹೆಚ್ಚು. ನನ್ನದು ಐವತ್ತು ಮಿಲಿಮೀಟರಿನ ಲೆನ್ಸು, ಅಂಕಿ ೧.೮. ಕಣ್ಣು ನೋಡಿದಷ್ಟೇ ನೋಡುತ್ತದೆ, ಹತ್ತಿರಕ್ಕೂ ಎಳೆಯುವುದಿಲ್ಲ, ದೂರಕ್ಕೂ ತಳ್ಳುವುದಿಲ್ಲ. ೧.೪ರದು ಇನ್ನೂ ಬೆಳಕಿನದು, ಆದರೆ ಮುಂಬಯಿಯಿಂದ ಬರಲು ಯುಗಾದಿಯಾಗುತ್ತದೆ ಎಂದರು. ಅಷ್ಟು ಕಾಯುವವಳಲ್ಲ ನಾನು.

ಇವರು ಒಪ್ಪಲಿಲ್ಲ. ಪಂದ್ಯವೇ ಆಗಲಿ ಎಂದರು. ಗೆಳೆಯನ ಜೂಮ್ ಇವರು ತಂದರು, ಕಾಕಾ ನನ್ನ ಐವತ್ತನ್ನು ಒಂದು ದಿನಕ್ಕೆ ಕೊಟ್ಟರು. ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಒಂದೇ ರೋಲು, ಫ್ಲ್ಯಾಶ್ ಇಲ್ಲ. ಮೊದಲು ಇವರು, ಆಮೇಲೆ ನಾನು.

ಪ್ರಿಂಟು ಬಂದ ದಿನ ಅತ್ತೆ ಕನ್ನಡಕ ಏರಿಸಿಕೊಂಡು ತೀರ್ಪಿಗೆ ಕೂತರು. ಜೂಮಿಗೆ ಬೆಳಕು ಸಾಲದೆ ಇವರ ಚಿತ್ರದಲ್ಲಿ ಅತ್ತೆಗೆ ಕೈಯೇ ಇಲ್ಲ, ಬರೀ ಹೊಗೆ. "ಶಶ್ಯಾ, ಇದು ನಾನೋ, ದೆವ್ವನೋ?" ಎಂದು ಮಗನ ಚಿತ್ರವನ್ನು ಪಕ್ಕಕ್ಕಿಟ್ಟರು. ನನ್ನದರಲ್ಲಿ ರೆಪ್ಪೆಯ ಮೇಲೆ ಕೂತ ಜೋಳದ ಹಿಟ್ಟು ಕೂಡ ಕಾಣುತ್ತಿತ್ತು. ಅದನ್ನು ಕಿಟಕಿಯ ಹತ್ತಿರ ಒಯ್ದು ನೋಡಿದರು.

"ಇದರಾಗ ನಾ ನನ್ನಂಗ ಅದೇನಿ. ಖರೇ, ಕಿವ್ಯಾಗಿನ ಬೆಂಡೋಲಿ ಯಾಕ ಮಸುಕಾಗ್ಯಾವು?"

"ಕಿಂಡಿ ಪೂರಾ ತಗದರ ಹಂಗರಿ ಅತ್ತಿ. ಕಣ್ಣ ಹಿಡದರ ಕಿವಿ ಬಿಡತೈತಿ."

"ಮುಂದಿನ ಸಲ ಎರಡೂ ಹಿಡಿ. ತವರಮನಿವು ಅವು."

ಇವರು ನನ್ನ ಕಡೆ ನೋಡಿ, "ಸೋತ್ನಿ ಬಿಡು" ಎಂದರು. ಸಂಜೆಯೇ ಹೋಗಿ ಲೆನ್ಸು ಕೊಂಡೆವು. ಈಗ ದಿನವೂ ಅಭ್ಯಾಸ. ಅತ್ತೆ ಪೂಜೆಗೆ ಕೂತರೂ ಚಿತ್ರ, ಇವರು ಹಲ್ಲುಜ್ಜಿದರೂ ಚಿತ್ರ.

ನಿನ್ನ ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚುವುದನ್ನು ಬಿಡಬೇಡ. ನನ್ನ ತಲೆಯ ಮೇಲೆ ನಿನ್ನ ಕೈ ಸದಾ ಇರಲಿ.

ನಿನ್ನ ಮುದ್ದಿನ
ಕಾವೇರಿ

ತಾ.ಕ.: ಮೇಲೆ ಬರೆಯಲು ಧೈರ್ಯವಾಗಲಿಲ್ಲ. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ನೀನು ಎಲ್ಲಿಯೂ ಇಲ್ಲ ಅವ್ವಾ. ಅಕ್ಷತೆಯ ಹೊತ್ತಿಗೆ ಫೋಟೋದವನು "ಹುಡುಗಿ ತಾಯಿನ್ನ ಕರೀರಿ" ಎಂದ. "ಬ್ಯಾಡ, ಆಕಿ ಗಂಡ ಇಲ್ಲದಾಕಿ, ನಾನ ನಿಂದರತೇನಿ" ಎಂದಳು ದೊಡ್ಡವ್ವ. ನೀನು ಅಡುಗೆಯವರ ಪರದೆಯ ಹತ್ತಿರ ನಿಂತಿದ್ದೆ. ನಿನಗೂ ಕೇಳಿಸಿತು. ನೀನು ಮುಖ ತಿರುಗಿಸಿಕೊಂಡದ್ದನ್ನು ನಾನು ಬಾಸಿಂಗದ ಕೆಳಗಿನಿಂದ ನೋಡಿದೆ.

ನಿನ್ನೆ ಅತ್ತೆ ಆಲ್ಬಮ್ ತೆಗೆದು "ಬೀಗತಿ ಎಲ್ಲಿ ಅದಾರವಾ?" ಎಂದು ಕೇಳಿದರು. ಎಲ್ಲ ಹೇಳಿದೆ. ಅವರು ಆಲ್ಬಮ್ಮನ್ನು ಮತ್ತೆ ಮೊದಲನೇ ಪುಟಕ್ಕೆ ತಿರುವಿದರು. ಆಮೇಲೆ ಇವರನ್ನು ಕರೆದು, "ನಾನೂ ಕಾವೇರಿ ತವರಿಗೆ, ಮುಗದಕ್ಕ ಬರತೇನಿ. ಬೀಗತಿನ್ನ ನಡುವ ಕುಂಡ್ರಿಸಿ ನಾವು ಆಜೂಬಾಜೂ ನಿಂದರೂಣು. ಆ ಫೋಟೋ ಆಲ್ಬಮ್ಮಿನ ಮೊದಲನೇ ಪುಟಕ್ಕ ಹಚ್ಚು" ಎಂದರು.

ಈ ಸಲ ಒಳಗೆ ಓಡಬೇಡ. ರವಿವಾರ ೨೨ನೇ ತಾರೀಖು, ಬೆಳಗಿನ ಲೋಂಡಾ ಪ್ಯಾಸೆಂಜರಿಗೆ ನಾವು ಮೂವರೂ ಮುಗದ ಸ್ಟೇಶನ್ನಿನಲ್ಲಿ ಇಳಿಯುತ್ತೇವೆ.