ಗ್ಯಾದರಿಂಗಿನ ದೊಡ್ಡ ಡ್ರಮ್ಮು

ಹಳೇ ಹುಬ್ಬಳ್ಳಿ,
ತಾ. ೧೭ ಜನವರಿ ೧೯೬೪, ಶುಕ್ರವಾರ

ಮಗಳಿಗಿಂತ ಹೆಚ್ಚಿನವಳಾದ ಸೊಸೆ ದುರಗವ್ವಳಿಗೆ, ನಿನ್ನ ಮಾವ ಉಡಚಪ್ಪ ಬರೆದದ್ದು.

ಹೇಗಿದ್ದೀಯವ್ವಾ? ಬೆಳಗಾವಿಯ ಥಂಡಿ ನಮ್ಮ ಹುಬ್ಬಳ್ಳಿಯ ಥಂಡಿಯಂತಲ್ಲ, ಎದೆಯೊಳಗೆ ಹೊಕ್ಕು ಕೂತುಬಿಡುತ್ತದೆ. ದೀಪಾವಳಿಗೆ ಬಂದಾಗ ನಿನಗಿದ್ದ ಕೆಮ್ಮು ಹೋಯಿತೋ ಇಲ್ಲವೋ, ಒಂದು ಕಾರ್ಡು ಹಾಕಿ ತಿಳಿಸು. ವಸತಿಗೃಹದವರು ಬಿಸಿನೀರು ಕೊಡದಿದ್ದರೆ ಬಾಯಿಬಿಟ್ಟು ಕೇಳು. ನೀನು ಕೇಳುವವಳಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪಾಠ ಹೇಳುವ ಪರೀಕ್ಷೆ ಹತ್ತಿರ ಬಂತೆಂದು ತಿಳಿಸಿದ್ದೆ. ಮಕ್ಕಳ ಮುಂದೆ ನಿಂತಾಗ ನೆಲ ನೋಡಿಕೊಂಡು ಮಾತಾಡಬೇಡ. ಮೂರನೆಯ ಇಯತ್ತೆಯಲ್ಲೇ ಪಾಟಿ ಒಗೆದು ಎದ್ದುಬಂದ ನಾನು ಮಾಸ್ತರಿಕೆಗೆ ಬುದ್ಧಿ ಹೇಳುವುದು ನಗೆಪಾಟಲಿನ ಮಾತೇ ಸರಿ. ಆದರೆ ನನ್ನ ಮಗ ತೀರಿಕೊಂಡ ಮೇಲೆ ಊರವರೆಲ್ಲ ಬೇಡವೆಂದರೂ ನಿನ್ನನ್ನು ಟ್ರೇನಿಂಗಿಗೆ ಕಳಿಸಿದವನು ನಾನು, ಅಷ್ಟು ಹಕ್ಕು ನನಗುಂಟು. ನನ್ನ ಮೊಣಕಾಲು ಹಾಗೇ ಇದೆ. ಹತ್ತಿ ಪ್ರೆಸ್ಸಿನ ಗೇಟಿನಲ್ಲಿ ಕೂಡುವ ಕೆಲಸ, ನಡೆದಾಡುವುದಿಲ್ಲ, ಅದಕ್ಕೇ ಅದು ಇನ್ನಷ್ಟು ಬಿಗಿಯುತ್ತದೆ.

ಇಲ್ಲಿಯವರೆಗೆ ಬರೆದು ಎದ್ದು ನೀರು ಕುಡಿದು ಬಂದೆ. ಇನ್ನು ಸುತ್ತಿ ಬಳಸುವುದು ನನ್ನಿಂದಾಗದು. ನಿನ್ನ ಮಗ ಸೋಮಪ್ಪ ಈ ವಾರ ಶಾಲೆಗೆ ಹೋಗುತ್ತಿಲ್ಲ. ಜ್ವರವಿಲ್ಲ, ನೆಗಡಿಯಿಲ್ಲ. ಮಾರ್ಚಿನಲ್ಲಿ ಮ್ಯಾಟ್ರಿಕ್ ಪರೀಕ್ಷೆ ಇಟ್ಟುಕೊಂಡ ಹುಡುಗ, ನನ್ನನ್ನು ಹತ್ತಿ ಪ್ರೆಸ್ಸಿಗೆ ಕೆಲಸಕ್ಕೆ ಹಚ್ಚು ಅನ್ನುತ್ತಿದ್ದಾನೆ. ಕಾರಣ ನಾನು. ಬೇರೆ ಯಾರ ಹೆಸರನ್ನೂ ಹೇಳುವಂತಿಲ್ಲ.

ಕಳೆದ ಶನಿವಾರ ಅವನ ಶಾಲೆಯ ಗ್ಯಾದರಿಂಗು ಇತ್ತು. ವರ್ಷಪೂರ್ತಿ ಆಟ, ಓಟ, ಭಾಷಣಗಳಲ್ಲಿ ಗೆದ್ದ ಹುಡುಗರಿಗೆ ಪ್ರೈಜು ಹಂಚುವ ದಿನ. ಅವನು ಹದಿನೈದು ದಿನ ಮೊದಲೇ ನನ್ನ ಬೆನ್ನು ಹತ್ತಿದ್ದ. "ಅಜ್ಜಾ, ನೀ ಬರಾಕಬೇಕು. ನನಗ ಪ್ರೈಜ್ ಐತಿ" ಅಂತ. ಯಾತರದ್ದೋ ಅಂದರೆ "ಬಂದ ನೋಡು" ಅಂತ ನಕ್ಕು ಓಡಿಹೋದ. ಉದ್ದಜಿಗಿತದ್ದಿರಬೇಕು ಅಂದುಕೊಂಡೆ. ಹೋದ ವರ್ಷ ಅದರಲ್ಲೇ ಎರಡನೇ ನಂಬರು ಬಂದು ಒಂದು ಕಂಪಾಸಪೆಟ್ಟಿಗೆ ತಂದಿದ್ದನಲ್ಲ. ನಾನೂ ಹುರುಪಿನಿಂದಲೇ ಹೋದೆ. ನಿನ್ನ ಮದುವೆಯಲ್ಲಿ ಉಟ್ಟ ಧೋತರ, ಆ ಕರೇ ಕೋಟು, ತಲೆಗೆ ಹೊಸ ರುಮಾಲು. ಪಕ್ಕದ ಮನೆಯ ಗುಲ್ಜಾರಬಿ ತನ್ನ ಬಾಗಿಲಲ್ಲಿ ನಿಂತು, "ಏನ ಕಾಕಾ, ಕನ್ಯಾ ನೋಡಾಕ ಹೊಂಟೀರೇನು?" ಅಂತ ಚಾಷ್ಟಿ ಮಾಡಿದಳು.

ಶಾಲೆ ನೋಡಿ ಜೀವ ತಣ್ಣಗಾಯಿತು ದುರಗವ್ವಾ. ಒಂದು ಖೋಲಿಯ ತುಂಬ ಹುಡುಗರು ಬರೆದ ಚಿತ್ರಗಳು, ಇನ್ನೊಂದರಲ್ಲಿ ಅವರೇ ಮಾಡಿದ ಕಟ್ಟಿಗೆಯ ಪೆಟ್ಟಿಗೆ, ಮಣೆ. ಹೊರಗೆ ಬಯಲಿನಲ್ಲಿ ಮಂಟಪ. ಒಬ್ಬ ಹುಡುಗ ಬಂದು ನನ್ನ ಕೈ ಹಿಡಿದು, "ಇಲ್ಲಿ ಕುಂದರ್ರಿ ಅಜ್ಜಾರ" ಅಂತ ಕುರ್ಚಿಯ ಮೇಲೆ ಕೂಡಿಸಿದ. ಶಾಲೆಯಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ನಾನು ಕಲಿತಾಗ ನಮ್ಮ ಜಾಗ ಕಟ್ಟೆಯ ಹೊರಗೆ, ಕಿಟಕಿಯ ಕೆಳಗೆ. ಅದನ್ನೆಲ್ಲ ನಿನಗೆ ಹೇಳಿದ್ದೇನೆ, ಮತ್ತೆ ಬೇಡ. ಹೆಡ್ ಮಾಸ್ತರರು ವರ್ಷದ ವರದಿ ಓದಿದರು. ಖೋಖೋದಲ್ಲಿ ಗೆದ್ದವರಿಗೆ ಕೊಡುವ ಢಾಲು, ಭಾಷಣದಲ್ಲಿ ಢಾಲು, ಧಾರವಾಡದಲ್ಲಿ ನಡೆದ ಬ್ಯಾಂಡಿನ ಸ್ಪರ್ಧೆಯಲ್ಲಿ ಎಲ್ಲ ಶಾಲೆಗಳಿಗಿಂತ ಮೇಲು. ಚಪ್ಪಾಳೆ ಬಿದ್ದಾಗಲೆಲ್ಲ ನಾನೂ ಬಡಿದೆ, ಯಾರಿಗೆಂದು ಗೊತ್ತಿಲ್ಲದೆ.

ಆಮೇಲೆ ಬ್ಯಾಂಡು ಬರುತ್ತದೆ ಅಂದರು. ಇನ್ನೂ ಕಟ್ಟಡದ ಹಿಂದಿತ್ತು, ಕಣ್ಣಿಗೆ ಬಿದ್ದಿರಲಿಲ್ಲ. ಊದುವ ಬಿಗಿಲು ಕೇಳಿತು, ಸಣ್ಣ ಡ್ರಮ್ಮುಗಳು ಕೇಳಿದವು, ಅವುಗಳ ನಡುವೆ ಒಂದು ದೊಡ್ಡ ಡ್ರಮ್ಮಿನ ಪೆಟ್ಟು. ನಿನಗೆ ಸುಳ್ಳು ಹೇಳುವುದಿಲ್ಲ. ಆ ಪೆಟ್ಟು ಕೇಳಿ ನನ್ನ ಕಾಲು ತಾನಾಗಿಯೇ ನೆಲ ತಟ್ಟತೊಡಗಿತು, ಆ ಕೆಟ್ಟ ಮೊಣಕಾಲಿನದೇ ಕಾಲು. ಯಾವ ತಾಯಿಯ ಮಗನೋ, ಕೈಯೆಂದರೆ ಇದು ಅಂದುಕೊಂಡೆ. ಅಷ್ಟರಲ್ಲಿ ಬಿಳಿ ಅಂಗಿ ಬಿಳಿ ಪ್ಯಾಂಟಿನ ಸಾಲು ತಿರುಗಿ ಮುಂದೆ ಬಂತು. ದೊಡ್ಡ ಡ್ರಮ್ಮನ್ನು ಎದೆಗೆ ಕಟ್ಟಿಕೊಂಡವನು ನಮ್ಮ ಸೋಮ್ಯಾ.

ನನ್ನ ಕಣ್ಣಿಗೆ ಡ್ರಮ್ಮು ಕಾಣಲಿಲ್ಲವ್ವಾ, ಹಲಗಿ ಕಂಡಿತು. ಊರಲ್ಲಿ ಯಾರದೇ ಹೆಣ ಎದ್ದರೂ ನಮ್ಮಪ್ಪ ಮುಂದೆ ನಿಂತು ಬಡಿಯಬೇಕಾಗಿತ್ತು. ಬಡಿದು ಮುಗಿದ ಮೇಲೆ ಅದೇ ಮನೆಯ ಕಟ್ಟೆ ಮುಟ್ಟುವಂತಿರಲಿಲ್ಲ. ನಾನೂ ಬಡಿದೆ. ಬಾಬಾಸಾಹೇಬರ ಮಾತು ನಮ್ಮ ಕೇರಿಯ ತನಕ ಬಂದ ವರ್ಷ, ನಮ್ಮ ಮನೆಯಲ್ಲಿ ಇನ್ನು ಯಾರೂ ಚರ್ಮದ ಮೇಲೆ ಕೈ ಇಡಬಾರದೆಂದು ಹಲಗಿಯನ್ನು ಒಲೆಗೆ ಹಾಕಿ, ಊರು ಬಿಟ್ಟು ಇಲ್ಲಿಗೆ ಬಂದೆ. ಈಗ ಇಷ್ಟು ದೊಡ್ಡ ಶಾಲೆಯಲ್ಲಿ, ವಕೀಲರ ಮಕ್ಕಳು, ಸಾವುಕಾರರ ಮಕ್ಕಳು ಇಷ್ಟು ಮಂದಿ ಇರುವಾಗ, ಹುಡುಕಿ ಹುಡುಕಿ ನಮ್ಮ ಹುಡುಗನ ಕೊರಳಿಗೇ ಇದನ್ನು ಕಟ್ಟಿದರೇ ಅನ್ನಿಸಿತು. ಮುಂದೇನೂ ಅನ್ನಿಸಲಿಲ್ಲ. ಎದ್ದವನೇ ಸಾಲಿನೊಳಗೆ ನುಗ್ಗಿದೆ. ಅವನ ಕೈಯ ಕೋಲು ಕಸಿದು ಒಗೆದೆ. ಹೆಗಲ ಪಟ್ಟಿಗೆ ಕೈ ಹಾಕಿ ಜಗ್ಗಿದ ರಭಸಕ್ಕೆ ಅಂಗಿಯ ಹೆಗಲು ಹರಿಯಿತು. ಡ್ರಿಲ್ ಮಾಸ್ತರ ಹೊಳೆಯಪ್ಪ ಅಂತ, ಮಿಲಿಟರಿಯಿಂದ ಬಂದವರು, ಅವರು ಓಡಿ ಬಂದರು. ಅವರಿಗೆ ನಾನು ಅಂದದ್ದು ಇಷ್ಟು: "ಏ ಮಾಸ್ತರ, ಚರ್ಮ ಬಡಿಯಾಕ ನನ್ನ ಮೊಮ್ಮಗನ ಸಿಕ್ಕನೇನು ನಿನಗ? ನಮ್ಮಪ್ಪ ಹೆಣದ ಮುಂದ ಹಲಗಿ ಬಡದ, ನಾ ಬಡದೆ, ಇನ್ನ ಇವನೂ ಬಡೀಬೇಕೇನು?"

ನನ್ನ ದನಿ ಎಂಥದೆಂದು ನಿನಗೆ ಗೊತ್ತು. ಮಂಟಪದ ಕೊನೆಯ ಸಾಲಿನವರೆಗೂ ಕೇಳಿರಬೇಕು. ದೊಡ್ಡ ಡ್ರಮ್ಮು ನಿಂತ ಕೂಡಲೇ ಉಳಿದ ಹುಡುಗರ ಹೆಜ್ಜೆ ತಪ್ಪಿತು, ಒಬ್ಬರಿಗೊಬ್ಬರು ಹಾಯ್ದು ನಿಂತರು. ಆಮೇಲೆ ಹಿಂದಿನಿಂದ ಯಾರೋ ಹುಡುಗ ಕುರ್ಚಿಯ ಬೆನ್ನಿನ ಮೇಲೆ ಬೆರಳಿನಿಂದ ಹಲಗಿಯ ಹಾಗೆ ಟಕಟಕ ಬಡಿದ. ಇನ್ನೊಬ್ಬ ನಕ್ಕ. ಸೋಮ್ಯಾ ನನ್ನ ಕಡೆ ನೋಡಲಿಲ್ಲ. ಡ್ರಮ್ಮನ್ನು ಮೆಲ್ಲಗೆ ಕೆಳಗಿಳಿಸಿ, ಧೂಳು ಹತ್ತದಂತೆ ಅದರ ಗವಸು ಹಾಸಿ, ಅದರ ಮೇಲಿಟ್ಟು ಗೇಟಿನಿಂದ ಹೊರಗೆ ಹೋದ. ಬ್ಯಾಂಡಿನ ಢಾಲು ಕೊಡಲು ಅವನ ಹೆಸರನ್ನೇ ಕೂಗಿದರು. ಬ್ಯಾಂಡಿನ ಮುಖ್ಯಸ್ಥ ಅವನೇ ಇದ್ದನಂತೆ. ಅವನಿಗಿದ್ದ ಪ್ರೈಜು ಅದು. ಬೇರೆ ಹುಡುಗ ಹೋಗಿ ಇಸಿದುಕೊಂಡ.

ಮರುದಿನ ಹೊಳೆಯಪ್ಪ ಮಾಸ್ತರರು ಮನೆಗೆ ಬಂದರು. ಬೈಯಲು ಬಂದಿದ್ದರೆ ಸುಖವಿತ್ತು, ನಾನೂ ನಾಲ್ಕು ಅಂದು ಹಗುರಾಗುತ್ತಿದ್ದೆ. ಅವರು ಚಾಪೆಯ ಮೇಲೆ ಕೂತು, ಕೊಟ್ಟ ನೀರು ಕುಡಿದು, "ಯಜಮಾನ್ರ, ಆ ಡ್ರಮ್ಮಿಗೆ ಹುಡುಗರು ಬಡದಾಡ್ಯಾರ್ರಿ. ವಕೀಲರ ಮಗ ಅವರಪ್ಪನ್ನ ಕರಕೊಂಡ ಬಂದಿದ್ದ. ನಾ ಎಲ್ಲಾರನೂ ಗ್ವಾಡಿ ಆಚಿ ನಿಲ್ಲಿಸಿ ಒಬ್ಬೊಬ್ಬರನ ಬಾರಸಾಕ ಹಚ್ಚಿದೆ. ಈಚಿ ಕಡೆ ಕುಂತು ಕೇಳಿದೆ. ಯಾರ ಕೈ ಅಂತ ನನಗ ಗೊತ್ತಿರಲಿಲ್ಲರಿ, ಯಾವ ಕೈ ಛಲೋ ಅನ್ನೂದಷ್ಟ ಗೊತ್ತಾತು" ಅಂದರು. ಆ ಮಾತನ್ನು ಗೋಡೆಯ ಆಚೆಯಿಂದ ಗುಲ್ಜಾರಬಿ ಕೇಳಿಸಿಕೊಂಡಳೆಂದು ಕಾಣುತ್ತದೆ, ಸೀದಾ ಒಳಗೆ ಬಂದಳು. "ಕಾಕಾ, ನಿಮ್ಮ ಅಂಜಿಕಿಗೆ ಹುಡುಗ ಮಳಿಗಾಲದಿಂದ ನಮ್ಮ ಹಿತ್ತಲದಾಗ ಎಣ್ಣಿ ಡಬ್ಬಿ ಮ್ಯಾಲೆ ಬಾರಿಸಿ ಕಲತಾನ. ನನ್ನ ಕಿವಿ ಕಿವುಡಾದುವು, ನಾ ಒಂದ ಮಾತ ಅಂದಿಲ್ಲ. ನೀವು ಒಂದ ದಿನಾ ತಡಕೊಳ್ಳಲಿಲ್ಲ ನೋಡ್ರಿ" ಅಂದಳು. ಮಾಸ್ತರರ ಎದುರಿಗೇ ಅಂದಳು. ಅಂದದ್ದು ಖರೇ ಇತ್ತು.

ಸೋಮ್ಯಾ ಸೋಮವಾರ ಶಾಲೆಗೆ ಹೋದ. ಮಧ್ಯಾಹ್ನಕ್ಕೇ ತಿರುಗಿ ಬಂದು ಪುಸ್ತಕಗಳನ್ನು ಗೋಡೆಯ ಮಾಡದಲ್ಲಿಟ್ಟ. ಅವನು ಕ್ಲಾಸಿನೊಳಗೆ ಕಾಲಿಟ್ಟಾಗ ಹಿಂದಿನ ಬೆಂಚಿನವರು ಡೆಸ್ಕಿನ ಮೇಲೆ ಬೆರಳಿನಿಂದ ಹಲಗಿ ಬಡಿದರಂತೆ. ನಾನು ಹೋಗಿ ಆ ಹುಡುಗರ ಬೆನ್ನು ಮುರಿಯುತ್ತೇನೆ ಅಂದೆ. ಆಗ ಅವನು ನನ್ನ ಮುಖ ನೋಡಿದ. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ತಣ್ಣಗೆ ಅಂದ: "ಅಜ್ಜಾ, ನಾವು ಯಾವ ಮಂದಿ ಅಂತ ಮಾಸ್ತರರಿಗೆ ಗೊತ್ತಿತ್ತು. ಹುಡುಗರ ಯಾರೂ ಕೇಳಿರಲಿಲ್ಲ, ನಾ ಹೇಳಿರಲಿಲ್ಲ. ಅಲ್ಲಿ ನಾ ಬರೇ ಸೋಮಪ್ಪ ಇದ್ದೆ."

ದುರಗವ್ವಾ, ಜೀವಮಾನದಲ್ಲಿ ನನಗೆ ಬೈದವರು ಬಹಳ ಮಂದಿ. ಯಾರ ಮಾತೂ ಹೀಗೆ ಒಳಗೆ ಇಳಿದಿರಲಿಲ್ಲ. ಯಾರು ಅವನಿಗೆ ಆ ಹೆಸರು ಹಚ್ಚಿಯಾರು ಎಂದು ಹತ್ತು ವರ್ಷ ಬಾಗಿಲು ಕಾದೆನೋ, ಆ ಕೆಲಸವನ್ನು ನಾನೇ, ಕೋಟು ಹಾಕಿಕೊಂಡು ಹೋಗಿ, ಸಾವಿರ ಮಂದಿಯ ನಡುವೆ ಮಾಡಿ ಬಂದೆ. ನಮ್ಮಪ್ಪ ಬಡಿದಾಗ ಊರವರು ದೂರ ಸರಿದು ನಿಲ್ಲುತ್ತಿದ್ದರು. ಇಲ್ಲಿ ವಕೀಲರ ಮಗನೂ ಸಾವುಕಾರರ ಮಗನೂ ಸೋಮ್ಯಾನ ಪೆಟ್ಟಿಗೆ ಕಾಲೆತ್ತಿ ಕಾಲಿಡುತ್ತಿದ್ದರು. ಕಣ್ಣೆದುರಿಗೇ ಇತ್ತು, ನೋಡಲಿಲ್ಲ. ಕಾಲಿಗೆ ತಿಳಿದದ್ದು ತಲೆಗೆ ತಿಳಿಯಲಿಲ್ಲ.

ಬುಧವಾರ ಗೇಟಿನ ಕೆಲಸಕ್ಕೆ ರಜೆ ಹೇಳಿ ಶಾಲೆಗೆ ಹೋದೆ. ಹೆಡ್ ಮಾಸ್ತರರ ಮುಂದೆ ನಿಂತು ತಪ್ಪಾಯಿತು ಅನ್ನುವುದೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಬಾಗಿಲಲ್ಲಿ ಸಿಪಾಯಿ, "ಯಾರ ಬೇಕಾಗಿತ್ತು? ಆವತ್ತ ಗದ್ದಲ ಮಾಡಿದವರಲ್ಲೇನು ನೀವು?" ಅಂದ. ನನ್ನ ನಾಲಿಗೆ ನಿನಗೆ ಗೊತ್ತೇ ಇದೆ. ಕ್ಷಮೆ ಕೇಳಲು ಹೋದವನು ಸಿಪಾಯಿಗೆ ಬೈದು ಮನೆಗೆ ಬಂದೆ. ಸಂಕ್ರಮಣದ ಮರುದಿನ ಅದು. ಮನೆಯಲ್ಲಿ ಸಿಹಿ ಎಂಬುದು ಇರಲಿಲ್ಲ. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ, ನಾನು ರೊಟ್ಟಿ ಬಡಿದು ಮುಚ್ಚಿಟ್ಟೆ. ನನ್ನ ಕೈಯಿಂದ ಕೊಟ್ಟರೆ ತಿನ್ನುವುದಿಲ್ಲ. ಗುಲ್ಜಾರಬಿ ಕೊಟ್ಟರೆ ತಿನ್ನುತ್ತಾನೆ. ಅದೇ ರೊಟ್ಟಿಯನ್ನು ಅವಳ ಕೈಯಲ್ಲಿ ಕೊಟ್ಟು ಉಣಿಸುತ್ತಿದ್ದೇನೆ. ಇದು ನನ್ನ ಬಾಳು.

ಇಪ್ಪತ್ತಾರನೆಯ ತಾರೀಖು ಗಣರಾಜ್ಯದ ದಿನ. ಊರಿನ ಶಾಲೆಗಳೆಲ್ಲ ಬಯಲಿನಲ್ಲಿ ಸೇರುವಾಗ ಎಲ್ಲಕ್ಕೂ ಮುಂದೆ ಇವರದೇ ಬ್ಯಾಂಡು. ಮಾಸ್ತರರು ನಿನ್ನೆ ಮತ್ತೆ ಬಂದಿದ್ದರು. ದೊಡ್ಡ ಡ್ರಮ್ಮು ಹಿಡಿ ಅಂದರೆ ವಕೀಲರ ಮಗ "ಅದು ಸೋಮಪ್ಪಂದರಿ, ನಾ ಮುಟ್ಟಂಗಿಲ್ಲ" ಅನ್ನುತ್ತಾನಂತೆ. ಸೋಮ್ಯಾ ಹಿತ್ತಲ ಬಾಗಿಲಲ್ಲಿ ನಿಂತು ಆ ಮಾತು ಕೇಳಿದ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹಾಗಾದರೆ ಒಳಗೆ ಏನೋ ಇನ್ನೂ ಇದೆ. ಅದನ್ನು ಎತ್ತಿ ಹಿಡಿಯುವ ಕೈ ನನ್ನದಲ್ಲ. ಈ ಒಂದು ಡ್ರಮ್ಮಿಗೆ ಅವನು ತಿರುಗಿ ಹೋದರೆ ಶಾಲೆಗೂ ತಿರುಗಿ ಹೋಗುತ್ತಾನೆ. ಹೋಗದಿದ್ದರೆ ನನ್ನ ಹಾಗೆ ಗೇಟಿನಲ್ಲಿ ಕೂಡುತ್ತಾನೆ, ನನ್ನ ಹಾಗೆ ಕಂಡವರಿಗೆ ಬೈಯುತ್ತಾ.

ನೀನು ನನ್ನ ಮೇಲೆ ಸಿಟ್ಟಾಗು. ಬರೆದೇ ಸಿಟ್ಟಾಗು, ನಾನು ಓದುತ್ತೇನೆ. ಮಗನನ್ನು ನಿಮ್ಮ ಹತ್ತಿರ ಬಿಟ್ಟು ಬಂದೆನಲ್ಲ ಅಂತ ಅತ್ತು ಓದು ಕೆಡಿಸಿಕೊಳ್ಳಬೇಡ, ಅಷ್ಟೇ. ಎದೆಗೆ ಬೆಚ್ಚಗೆ ಸುತ್ತಿಕೋ. ನಿನ್ನ ಜೊತೆಯ ಹುಡುಗಿಯರಿಗೆ ಈ ಮುದುಕನ ಹಾರೈಕೆ ಹೇಳು. ನೀನು ಕಲಿಸುವ ಮಕ್ಕಳೆಲ್ಲ ನಿನ್ನ ಮಾತಿಗೆ ತಲೆಯೆತ್ತಿ ಕೂಡಲಿ.

ನಿನ್ನ ಮಾವ,
ಉಡಚಪ್ಪ

ತಾ.ಕ.: ಈ ಕಾಗದ ಒಯ್ಯುವ ಬೆಳಗಾವಿಯ ಲಾರಿ ಹೊರಟಿದೆ, ಗುಲ್ಜಾರಬಿಯ ತಮ್ಮ ಬಾಗಿಲಲ್ಲಿ ನಿಂತು "ಲಗೂ ಮಾಡ್ರಿ" ಅನ್ನುತ್ತಿದ್ದಾನೆ. ಇದರ ಜೊತೆ ಒಂದು ಗಂಟು ಕೊಟ್ಟಿದ್ದೇನೆ, ಅದರಲ್ಲಿರುವುದು ಬ್ಯಾಂಡಿನ ಬಿಳಿ ಅಂಗಿ, ಪ್ಯಾಂಟು. ಶಾಲೆಗೆ ತಿರುಗಿ ಕೊಟ್ಟು ಬಾ ಅಂತ ಸೋಮ್ಯಾ ನನ್ನ ಕೈಗೆ ಕೊಟ್ಟಿದ್ದ. ಕೊಟ್ಟು ಬಂದೆ ಅಂತ ಅವನಿಗೆ ಸುಳ್ಳು ಹೇಳಿದ್ದೇನೆ. ಒಗೆದು ನೀಲಿ ಹಾಕಿದ್ದೇನೆ. ಹರಿದ ಹೆಗಲು ನಾನೇ ಹೊಲಿದದ್ದು, ಸೊಟ್ಟಗಾಗಿದೆ. ಬಿಚ್ಚಿ ನೆಟ್ಟಗೆ ಹೊಲಿ. ಇಪ್ಪತ್ತೈದಕ್ಕೆ ರಜೆ ಕೇಳಿ ನೀನೇ ಬಾ, ನಿನ್ನ ಕೈಯಿಂದ ತೊಡಿಸು. ನಿನಗೆ ಅವನು ಇಲ್ಲ ಅನ್ನಲಾರ. ಬಯಲಿಗೆ ನೀನು ಹೋಗಿ ಮುಂದೆ ಕೂಡು. ನಾನು ಮನೆಯಲ್ಲಿರುತ್ತೇನೆ. ಅವನು ಬಾಯಿಬಿಟ್ಟು ಅಜ್ಜಾ ಬಾ ಅಂದರೆ ಬರುತ್ತೇನೆ. ನೀನು ಹೇಳಿಕೊಟ್ಟು ಅವನ ಬಾಯಿಂದ ಅನ್ನಿಸಬೇಡ.